ಭಾಗಮ್ಮನ ಬಲಗೈ ಬಳೆ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಒಂದು ಮನೆಯ ಒಳಗಿನ ಮಾತನ್ನು, ಅದರಲ್ಲೂ ಅತ್ತೆ ಸೊಸೆಯರ ಮಾತನ್ನು, ಹೊರಗಿನವರು ಹೇಳಲು ಹೋಗಬಾರದು. ಮೂಳೆಯ ವಿಷಯವಂತೂ ಓದಿ ತಿಳಿದ ಡಾಕ್ಟರುಗಳೇ ಹೇಳಬೇಕಾದದ್ದು. ಇಲ್ಲಿ ಚಿಕಿತ್ಸೆಯ ವಿವರ ಎಲ್ಲಾದರೂ ತಪ್ಪಿದ್ದರೆ ಅದನ್ನು ನಂಬಿಕೊಂಡು ಯಾರೂ ಕೈಗೆ ಕಟ್ಟು ಕಟ್ಟಬೇಡಿ. ಆದರೂ ಹೇಳಬೇಕಾಗಿ ಬಂದಿದೆ. ಹಗರೆಯ ಹುಚ್ಚಣ್ಣನವರ ಮನೆಯಲ್ಲಿ ನಡೆದದ್ದು ಬಾಯಿಂದ ಬಾಯಿಗೆ ದಾಟಿ, ಹಳೇಬೀಡಿಗೆ ಮುಟ್ಟುವ ಹೊತ್ತಿಗೆ ‘ಸೊಸೆ ಅತ್ತೆಯ ಕೈ ಮುರಿದಳಂತೆ’ ಎಂದಾಗಿಬಿಟ್ಟಿದೆ.

ಸೊಸೆ ಕೈ ಮುರಿಯಲಿಲ್ಲ. ಬಳೆ ಒಡೆದಳು, ಅಷ್ಟೇ.

ಆಷಾಢದ ಬೆಳಿಗ್ಗೆ. ಸೋನೆ ಹಿಡಿದಿತ್ತು. ನಂದಿತಾ ಡ್ಯೂಟಿಗೆ ಹೊರಡುವ ಆತುರದಲ್ಲಿದ್ದಳು. ಅವಳು ಬೇಲೂರು–ಅರಸೀಕೆರೆ ಬಸ್ಸಿನ ಕಂಡಕ್ಟರ್. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗಲೇ ಕೊಟ್ಟಿಗೆ ಕಡೆಯಿಂದ "ಅಯ್ಯಯ್ಯಪ್ಪೋ" ಎಂಬ ಕೂಗು ಬಂತು. ಓಡಿಹೋಗಿ ನೋಡಿದರೆ ಅತ್ತೆ ಭಾಗಮ್ಮ ಒದ್ದೆ ಚಪ್ಪಡಿಯ ಮೇಲೆ ಕುಕ್ಕರಿಸಿದ್ದರು. ಜಾರಿ ಬೀಳುವಾಗ ಬಲಗೈ ಊರಿದ್ದರು. ಎಡಗೈ ಮಾತ್ರ ಹಾಲಿನ ಕ್ಯಾನನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಿತ್ತು.

"ಮೊದ್ಲು ಹಾಲು ಈಸ್ಕಳೇ," ಎಂದರು ಭಾಗಮ್ಮ. "ಒಂದು ತೊಟ್ಟೂ ಚೆಲ್ಲಿಲ್ಲ ನೋಡು."

ನಂದಿತಾ ಕ್ಯಾನು ಇಳಿಸಿ ಬಲಗೈ ನೋಡಿದಳು. ಮಣಿಕಟ್ಟಿನ ಹತ್ತಿರ ಕೈ ಸೌಟಿನ ಹಾಗೆ ಬಾಗಿತ್ತು.

ಕಂಡಕ್ಟರ್ ಲೈಸೆನ್ಸು ಸಿಗಬೇಕಾದರೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಬೇಕು. ನಂದಿತಾಳಿಗೂ ಆಗಿತ್ತು. ಆದರೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರಿಗೆ ನಿಂಬೆಹಣ್ಣು ಮೂಸಿಸಿದ್ದು ಬಿಟ್ಟರೆ ಆ ವಿದ್ಯೆಯನ್ನು ಅವಳು ಎಲ್ಲೂ ಖರ್ಚು ಮಾಡಿರಲಿಲ್ಲ. ಈಗ ಒಂದೊಂದಾಗಿ ನೆನಪಾಯಿತು. ಎಳೆಯಬಾರದು, ತಿಕ್ಕಬಾರದು, ಹೇಗಿದೆಯೋ ಹಾಗೆಯೇ ಆಧಾರ ಕೊಟ್ಟು ಕಟ್ಟಬೇಕು. ಊದಿಕೊಳ್ಳುವ ಮೊದಲು ಉಂಗುರ ಬಳೆ ತೆಗೆಯಬೇಕು.

ಅಷ್ಟರಲ್ಲಿ ಪಕ್ಕದ ಮನೆಯ ಅನುಸೂಯಮ್ಮ ಹರಳೆಣ್ಣೆಯ ಬಟ್ಟಲು ಹಿಡಿದು ಬಂದೇಬಿಟ್ಟರು. "ಬಿಡು ಬಿಡು. ಎಣ್ಣೆ ಹಚ್ಚಿ ಒಂದು ಸತಿ ಎಳೆದ್ರೆ ಟಕ್ಕಂತ ಕೂತ್ಕತ್ತದೆ."

"ಮುಟ್ಬೇಡಿ ಅನುಸೂಯಮ್ಮ. ಎಳೆಯಂಗಿಲ್ಲ."

"ಓಹೋ! ಟಿಕೀಟು ಹರಿಯೋರೆಲ್ಲ ಡಾಕ್ಟ್ರಾದ್ರೆ ಆಸ್ಪತ್ರೆ ಯಾಕೆ ಕಟ್ಟಿಸ್ಬೇಕಿತ್ತು?"

ನಂದಿತಾಳ ಕಣ್ಣು ಬಳೆಗಳ ಮೇಲಿತ್ತು. ಕೈತುಂಬ ಹಸಿರು ಗಾಜಿನ ಬಳೆ. ಅವುಗಳ ಸುತ್ತ ಕೈ ಆಗಲೇ ಉಬ್ಬತೊಡಗಿತ್ತು. ಮೆಲ್ಲಗೆ ಒಂದನ್ನು ಜಾರಿಸಲು ನೋಡಿದಳು. ಭಾಗಮ್ಮ ಕಿಟ್ಟನೆ ಕಿರುಚಿದರು. ಬೆರಳ ತುದಿಗಳು ನೇರಳೆ ಬಣ್ಣಕ್ಕೆ ತಿರುಗುತ್ತಿರುವಂತೆ ಕಂಡವು.

"ಅತ್ತೆ, ಬಳೆ ಒಡೀಬೇಕು. ಇಲ್ದಿದ್ರೆ ಬೆರಳಿಗೆ ರಕ್ತ ಹೋಗಲ್ಲ."

ನೋವು ಮರೆತವರಂತೆ ಭಾಗಮ್ಮ ತಲೆ ಎತ್ತಿದರು. "ಏನಂದೆ? ಮುತ್ತೈದೆ ಕೈ ಕಣೇ ಇದು! ಗಂಡ ಅನ್ನೋನು ಎದುರಿಗೆ ಗೂಟದಂಗೆ ನಿಂತವ್ನೆ, ಬಳೆ ಒಡೀತೀನಿ ಅಂತೀಯಲ್ಲ!"

ಎದುರಿಗೆ ನಿಂತಿದ್ದ ಹುಚ್ಚಣ್ಣ ಬಾಯಿಂದ ಬೇವಿನ ಕಡ್ಡಿ ತೆಗೆದರು. "ನಂಗೇನೂ ಆಗಲ್ಲ ಕಣೇ. ಒಡೀಲಿ ಬಿಡು."

"ನೀವು ಬಾಯ್ಮುಚ್ಕಂಡು ನಿಂತ್ಕಳಿ. ನಿಮ್ಮ ಜೀವದ ವಿಚಾರ ನಿಮಗೇನು ಗೊತ್ತು?"

ಹುಚ್ಚಣ್ಣ ಕಡ್ಡಿಯನ್ನು ಮತ್ತೆ ಬಾಯಿಗಿಟ್ಟುಕೊಂಡರು. ಅವರು ಬೇಡವೆನ್ನುವ ಮೊದಲೇ ನಂದಿತಾ ಅವರ ಹೆಗಲಿನ ಟವೆಲ್ಲು ಎಳೆದುಕೊಂಡು, ಅದರ ತುದಿಯನ್ನು ಬಳೆಯ ಕೆಳಗೆ ತೂರಿಸಿ, ಮೇಲೊಂದು ಮಡಿಕೆ ಮುಚ್ಚಿ, ಕುಟ್ಟಣಿಯ ಗುಂಡಿನಿಂದ ಟಕ್ ಟಕ್ ಎಂದು ತಟ್ಟಿದಳು. ಬಟ್ಟೆಯೊಳಗೆ ಗಾಜು ಪುಡಿಯಾದ ಸದ್ದಿಗೆ ಭಾಗಮ್ಮ ಕಣ್ಣು ಮುಚ್ಚಿಕೊಂಡರು. ಅನುಸೂಯಮ್ಮ "ಶಿವ ಶಿವ" ಎಂದರು. ನಂದಿತಾ ಗೋಡೆಯ ಕ್ಯಾಲೆಂಡರನ್ನು ಕಿತ್ತು ದಪ್ಪಗೆ ಮಡಿಸಿ ಕೈಯಡಿ ಇಟ್ಟಳು, ಹಳೆಯ ಸೀರೆಯ ಪಟ್ಟಿ ಸುತ್ತಿದಳು, ಅದೇ ಟವೆಲ್ಲನ್ನು ಚೆನ್ನಾಗಿ ಕೊಡವಿ ಕತ್ತಿಗೆ ಜೋಲಿ ಕಟ್ಟಿದಳು. ಅನುಸೂಯಮ್ಮ ತಂದ ಕಾಫಿಯನ್ನೂ ಕುಡಿಯಗೊಡಲಿಲ್ಲ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕಲ್ಲ.

"ಬಳೇನೂ ಹೋಯ್ತು, ಕಾಫೀನೂ ಹೋಯ್ತು," ಎಂದು ಭಾಗಮ್ಮ ಅತ್ತರು.

ಬೇಲೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಮಣಿಕಟ್ಟಿನ ಮೂಳೆ ಮುರಿದು ಹಿಂದಕ್ಕೆ ಸರಿದಿದೆ ಎಂದರು. ಅರಿವಳಿಕೆ ಕೊಟ್ಟು ಮೂಳೆ ಕೂಡಿಸಿ, ಮೊಣಕೈ ಕೆಳಗಿನಿಂದ ಬೆರಳ ಬುಡದವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿದರು. "ಬಳೆ ಬೇಗ ತೆಗೆದಿದ್ದು ಒಳ್ಳೇದಾಯ್ತು. ಯಾರು ತೆಗೆದಿದ್ದು?" ಎಂದು ಕೇಳಿದರು.

ಭಾಗಮ್ಮ ಗೋಡೆ ನೋಡಿಕೊಂಡು "ಅವ್ಳು" ಎಂದರು.

ಅಲ್ಲಿಂದಾಚೆಗೆ ನಂದಿತಾ ಆ ಮನೆಯಲ್ಲಿ ‘ಅವ್ಳು’ ಆದಳು. ಭಾಗಮ್ಮ ಅವಳೊಂದಿಗೆ ನೇರವಾಗಿ ಮಾತು ಬಿಟ್ಟರು. ಹೇಳುವುದನ್ನೆಲ್ಲ ಮಗನ ಕೈಲಿ ಹೇಳಿಸುತ್ತಿದ್ದರು. ಮಗ ದೇವೇಂದ್ರ ಗೂಡ್ಸ್ ಆಟೋ ಓಡಿಸುವವನು. ದಿನವೆಲ್ಲ ಹಾರನ್ ಸದ್ದು ಕೇಳಿ ಬಂದವನಿಗೆ ಮನೆಯಲ್ಲಿ ಇದು.

"ದೇವೇಂದ್ರ, ಅವ್ಳಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ."

ನಂದಿತಾ ಎರಡು ಮಾರು ದೂರದಲ್ಲಿ ಕೂತು ಊಟ ಮಾಡುತ್ತಿದ್ದಳು. ಅವಳೇ ಎದ್ದು ಉಪ್ಪು ತಂದಿಟ್ಟಳು.

"ದೇವೇಂದ್ರ, ಈಗ ಜಾಸ್ತಿ ಆಯ್ತು ಅಂತ ಹೇಳು."

"ನಾನೇನು ಮೊಬೈಲ್ ಟವರ್ರಾ?" ಎಂದು ದೇವೇಂದ್ರ ತಟ್ಟೆ ತೊಳೆಯಲು ಎದ್ದ.

ಮಾತು ಬಿಟ್ಟದ್ದನ್ನಾದರೂ ನಂದಿತಾ ಸಹಿಸಿಕೊಂಡಾಳು. ಕಷ್ಟವಾಗಿದ್ದು ಇನ್ನೊಂದು. ಬಲಗೈ ಬೋಳಾಗಿರುವಷ್ಟು ಕಾಲ ಗಂಡನಿಗೆ ಏನೋ ಕಾದಿದೆ ಎಂದು ಭಾಗಮ್ಮ ತೀರ್ಮಾನಿಸಿಬಿಟ್ಟಿದ್ದರು. ಎಡಗೈಯಲ್ಲಿ ಬಳೆ ಇದ್ದವು. ಆದರೆ ಪೂಜೆ ಮಾಡುವ ಕೈ, ಬಡಿಸುವ ಕೈ ಬಲಗೈ ತಾನೇ? ಪಟ್ಟಿಯ ಮೇಲೆ ಅರಿಸಿನದ ದಾರ ಕಟ್ಟಿಕೊಂಡರು. ಸಾಲದೆಂದು ಹುಚ್ಚಣ್ಣನವರ ಮೇಲೆ ಕಾವಲು ಕೂತರು. ಅವರು ಮೊಪೆಡ್ ಮುಟ್ಟುವ ಹಾಗಿಲ್ಲ. ತಣ್ಣೀರು ಸ್ನಾನ ಇಲ್ಲ. ರಸ್ತೆ ದಾಟಿ ಡೈರಿಗೆ ಹೋಗುವ ಹಾಗಿಲ್ಲ. ಕೊಬ್ಬರಿ ಹರವಲು ತಾರಸಿ ಹತ್ತುವುದಂತೂ ದೂರ ಉಳಿಯಿತು, ಜಗಲಿ ಇಳಿಯುವಾಗಲೂ "ನಿಧಾನ ಕಣ್ರೀ" ಎಂಬ ಕೂಗು ಒಳಗಿನಿಂದ ಬರುತ್ತಿತ್ತು. ಅವರು ಸೀನಿದರೆ ಭಾಗಮ್ಮ ಅಡುಗೆ ಮನೆಯ ಕಡೆ ಒಂದು ಸಲ ನೋಡುತ್ತಿದ್ದರು. ಅಲ್ಲಿ ನಂದಿತಾ ಇರುತ್ತಿದ್ದಳು.

ಅನುಸೂಯಮ್ಮ ಮಧ್ಯಾಹ್ನಗಳಲ್ಲಿ ಬಂದು ಹೋಗುತ್ತಿದ್ದರು. "ಹುಚ್ಚಣ್ಣಾರು ಯಾಕೋ ಸೊರಗಿದಂಗೆ ಕಾಣ್ತಾರೆ ಕಣಕ್ಕ."

ಹುಚ್ಚಣ್ಣನವರು ಸೊರಗಿರಲಿಲ್ಲ. ಅವರ ಅಂಗಿಯ ಕೆಳಗಿನ ಎರಡು ಗುಂಡಿಗಳು ಹಾಕಲು ಬರದಂತಾಗಿದ್ದವು.

ಊಟದ ಹೊತ್ತು ನೋಡಬೇಕಿತ್ತು. ಎಡಗೈಯಲ್ಲಿ ಉಣ್ಣುವುದಿಲ್ಲ ಎಂದು ಭಾಗಮ್ಮ ಹಟ ಹಿಡಿದಿದ್ದರು. ದೇವೇಂದ್ರ ಚಮಚ ತಂದುಕೊಟ್ಟರೆ, "ಮುದ್ದೇನ ಚಮಚದಲ್ಲಿ ತಿಂದು ಹುಟ್ಟಿದ ಊರ ಹೆಸರು ಕೆಡಿಸ್ಲಾ?" ಎಂದರು. ಹೀಗಾಗಿ ಗಂಡನೇ ಉಣಿಸಬೇಕಾಯಿತು. ಜೀವಮಾನದಲ್ಲಿ ಒಂದು ಲೋಟ ನೀರು ತಂದುಕೊಡದಿದ್ದ ಹುಚ್ಚಣ್ಣ ಮಣೆ ಹಾಕಿಕೊಂಡು ಕೂತು, ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಹೊರಳಿಸಿ ಹೆಂಡತಿಯ ಬಾಯಿಗಿಡುತ್ತಿದ್ದರು.

"ಇದೇನ್ರೀ ತುತ್ತು, ಎಮ್ಮೆಗೆ ಹಾಕೋ ಹಿಂಡಿ ಉಂಡೆಯಂಗೆ. ಸಣ್ಣದು ಮಾಡಿ."

"ಬಾಯಿ ಅಗಲ ನೋಡ್ಕಂಡೇ ಮಾಡಿದ್ದು."

"ಸಾಕು ನಿಮ್ಮ ತಮಾಷೆ. ನೀವು ತಿನ್ನಿ. ಇನ್ನೊಂದು ಮೊಟ್ಟೆ ಹಾಕ್ಕಳಿ. ತುಪ್ಪ ಹಾಕ್ಕಳಿ. ಮೈಯಲ್ಲಿ ಶಕ್ತಿ ಇರ್ಲಿ."

ಮೂಳೆ ಕೂಡಲೆಂದು ದೇವೇಂದ್ರ ತರುತ್ತಿದ್ದ ಕಾಲು ಸೂಪಿನಲ್ಲಿ ಮುಕ್ಕಾಲು ಪಾಲು, ಮೂಳೆ ಗಟ್ಟಿಯಾಗಿದ್ದ ಹುಚ್ಚಣ್ಣನವರಿಗೇ ಹೋಗುತ್ತಿತ್ತು.

ಕೆಲಸ ಮಾತ್ರ ಎಲ್ಲೂ ಹೋಗಲಿಲ್ಲ. ಹಾಲು ಕರೆಯುವುದು, ಸಗಣಿ ಬಾಚುವುದು, ಹುಲ್ಲು ತರುವುದು ಎಲ್ಲ ನಂದಿತಾ ದೇವೇಂದ್ರರ ತಲೆಗೆ ಬಂತು. ಒಂದು ಭಾನುವಾರ ಸಗಣಿ ಮಂಕರಿ ಹೊತ್ತವಳು ಜಗಲಿಯ ಮುಂದೆ ನಿಂತು ಕೇಳಿಯೇಬಿಟ್ಟಳು.

"ಮಾವ, ನೀವೊಂದೆರಡು ಮಂಕರಿ ಎತ್ತಿದ್ರೆ ಏನಾಗ್ತದೆ?"

"ನಾನು ಎತ್ತಾಕೆ ರೆಡಿ ಕಣವ್ವ," ಎಂದರು ಹುಚ್ಚಣ್ಣ, ಪೇಪರಿನ ಹಾಳೆ ತಿರುವುತ್ತಾ. "ನಿಮ್ಮತ್ತೆ ಬಿಡಬೇಕಲ್ಲ. ಈ ಜೀವ ಈಗ ನಂದಲ್ಲ, ಅವ್ಳ ಕೈಲಿ ಐತೆ."

ಒಳಗಿನಿಂದ ಭಾಗಮ್ಮನ ದನಿ ಬಂತು. "ದೇವೇಂದ್ರ, ಅವ್ಳಿಗೆ ಹೇಳು. ಮಾಡಿದ್ದು ಸಾಲದಾ ಅಂತ."

ದೇವೇಂದ್ರ ಹೊರಗೆ ಹೋಗಿದ್ದ. ಮಾತು ತಾನಾಗಿಯೇ ತಲುಪಿತು.

ನಂದಿತಾಳಿಗೆ ಇಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೂ ಬಸ್ಸಿನಲ್ಲಿ ಹೆಂಗಸರ ಆಧಾರ್ ಕಾರ್ಡು ನೋಡುತ್ತಾ ಟಿಕೆಟ್ ಕೊಡುವಾಗ ಜೇಬಿನ ಫೋನು ನಡುಗಿದರೆ ಅವಳ ಎದೆ ಝಲ್ಲೆನ್ನುತ್ತಿತ್ತು. ಮಾವನಿಗೆ ಅರವತ್ತು ದಾಟಿದೆ. ಈ ವಯಸ್ಸಿನಲ್ಲಿ ಯಾರಿಗೆ ಏನು ಬೇಕಾದರೂ ಆಗಬಹುದು. ಆದರೆ ಈಗ ಆದರೆ, ಈ ಪಟ್ಟಿ ಬಿಚ್ಚುವ ಮೊದಲು ಆದರೆ, ಅದು ಆಯುಸ್ಸಿನ ಲೆಕ್ಕಕ್ಕೆ ಹೋಗುವುದಿಲ್ಲ, ಅವಳ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಆ ಮನೆಯಲ್ಲಿ ಅವಳು ಹೇಗೆ ಇರಬೇಕು? ಅದಕ್ಕೇ ಅತ್ತೆ ಮಲಗಿದ ಮೇಲೆ ಅವಳೂ ಮಾವನ ತಲೆದಿಂಬಿನ ಹತ್ತಿರ ಬಿಸಿನೀರು ಇಟ್ಟು ಬರುತ್ತಿದ್ದಳು. ಹೀಗೆ ಇಬ್ಬರು ಹೆಂಗಸರು ಮಾತಿಲ್ಲದೆಯೇ ಸೇರಿ ಒಬ್ಬ ಆರೋಗ್ಯವಂತನ ಆರೈಕೆ ಮಾಡಿದರು.

ಫೋನು ಬಂದೇ ಬಂತು. ಬಸ್ಸು ಹಳೇಬೀಡಿನ ಕೆರೆ ಏರಿ ದಾಟಿತ್ತು. "ಅಪ್ಪಂಗೆ ಎದೆನೋವು, ಬೇಲೂರು ಆಸ್ಪತ್ರೆಗೆ ಕರ್ಕಂಡು ಹೋಗ್ತಿದ್ದೀನಿ," ಎಂದ ದೇವೇಂದ್ರ.

ಬೇಲೂರು ಮುಟ್ಟುವವರೆಗೆ ಯಾರಿಗೆ ಎಷ್ಟು ಚಿಲ್ಲರೆ ಕೊಟ್ಟಳೋ ಅವಳಿಗೆ ತಿಳಿಯದು. ಇಳಿದು ಆಸ್ಪತ್ರೆಗೆ ಓಡಿದಳು. ದೇವೇಂದ್ರ ಅಪ್ಪನ ಜೊತೆ ಮುಚ್ಚಿದ ಬಾಗಿಲ ಒಳಗಿದ್ದ. ಹೊರಗೆ ಬೆಂಚಿನ ಮೇಲೆ ಭಾಗಮ್ಮ ಒಬ್ಬರೇ ಕೂತಿದ್ದರು. ಪಟ್ಟಿಯ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. ಸೊಸೆಯನ್ನು ಕಂಡವರೇ ಅಷ್ಟು ದಿನಗಳ ಮೇಲೆ ಮೊದಲ ಸಲ ನೇರವಾಗಿ ಮಾತಾಡಿದರು.

"ಈಗ ಸಮಾಧಾನ ಆಯ್ತಾ ನಿಂಗೆ?"

ನಂದಿತಾ ಬೆಂಚಿನ ಇನ್ನೊಂದು ತುದಿಯಲ್ಲಿ ಟಿಕೆಟ್ ಮಿಷನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆ ಬಾಗಿಲು ತೆರೆಯುವವರೆಗೆ ಅವಳು ಹರಕೆ ಹೊತ್ತಳೋ ಇಲ್ಲವೋ ಅದನ್ನು ಕೇಳುವುದು ಬೇಡ.

ಬಾಗಿಲು ತೆರೆದು ಡಾಕ್ಟರು ಹೊರಬಂದರು. ಕೈಯಲ್ಲಿ ಇಸಿಜಿಯ ಉದ್ದನೆಯ ಕಾಗದ. "ಹೃದಯ ಚೆನ್ನಾಗಿದೆ. ನಿನ್ನೆಯಿಂದ ಏನೇನು ತಿಂದ್ರು ಇವರು?"

ಭಾಗಮ್ಮ ಎದ್ದು ನಿಂತು ಹೇಳಿದರು. "ಜಾಸ್ತಿ ಏನಿಲ್ಲ ಸಾ. ಬೆಳಿಗ್ಗೆ ಕಡುಬು. ಮಧ್ಯಾಹ್ನ ಮುದ್ದೆ, ಕಾಲು ಸೂಪು, ಎರಡು ಮೊಟ್ಟೆ. ಸಂಜೆಗೆ ತುಪ್ಪ ಹಾಕಿ ಅಂಟಿನುಂಡೆ ಕೊಟ್ಟೆ. ರಾತ್ರಿ ಉಳಿದಿದ್ದ ಸೂಪು. ಇವತ್ತು ಬೆಳಿಗ್ಗೆ ಮತ್ತೆ..."

"ಅಂಟಿನುಂಡೆಯಾ? ಇವರೇನು ಬಾಣಂತಿಯೇನಮ್ಮ?"

"ಅಲ್ಲ ಸಾ, ಗಂಡಸರು."

"ಕೆಲಸ ಏನು ಮಾಡ್ತಾರೆ?"

"ನಾನೇ ಬಿಡ್ತಿಲ್ಲ."

"ಬಿಡಿ. ಬರೀ ಗ್ಯಾಸು ತುಂಬಿಕೊಂಡಿದೆ. ಸಗಣಿ ಎತ್ತಲಿ, ನಡೀಲಿ. ಕೈ ಮುರಿದಿರೋದು ನಿಮ್ಮದು, ಸೂಪು ನೀವು ಕುಡೀರಿ."

ಸರಿಯಾಗಿ ಅದೇ ಹೊತ್ತಿಗೆ ಒಳಗಿನಿಂದ ಒಂದು ತೇಗು ಕೇಳಿಸಿತು. ಸಾಮಾನ್ಯ ತೇಗಲ್ಲ, ಘಟ್ಟ ಹತ್ತಿದ ಲಾರಿ ಉಸಿರು ಬಿಟ್ಟಂತೆ ಎದ್ದು, ಎಳೆದು, ಮುಗಿಯಿತೇನೋ ಎನ್ನುವಾಗ ಮತ್ತೊಮ್ಮೆ ಎದ್ದಿತು. ಅದರ ಹಿಂದೆಯೇ ಹುಚ್ಚಣ್ಣನವರ ದನಿ: "ಅಮ್ಮಾ! ಈಗ ಹಗುರ ಆಯ್ತು ನೋಡು."

ಭಾಗಮ್ಮ ತುಟಿ ಬಿಗಿಹಿಡಿದರು. ನಂದಿತಾ ಟಿಕೆಟ್ ಮಿಷನ್ನಿನ ಕಡೆ ತಲೆ ಬಗ್ಗಿಸಿದಳು. ಅವಳ ಭುಜ ಕುಲುಕುವುದನ್ನು ಕಂಡು ಭಾಗಮ್ಮನಿಗೂ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

"ಊಟ ಮಾಡಿದ್ಯೇನೇ?" ಎಂದರು ಆಮೇಲೆ.

"ಇಲ್ಲ ಅತ್ತೆ."

"ನಡಿ, ಹೋಟ್ಲಲ್ಲಿ ಏನಾದ್ರೂ ತಿನ್ನಾಣ. ಆ ಮನುಷ್ಯಂಗೆ ಮಾತ್ರ ಒಂದು ಲೋಟ ಮಜ್ಜಿಗೆ ಸಾಕು."

ಕೆಲವು ದಿನಗಳಾದ ಮೇಲೆ ಪಟ್ಟಿ ಬಿಚ್ಚಿದರು. ಒಳಗಿನಿಂದ ಹೊರಬಂದ ಕೈ ಬೇಯಿಸಿ ಸಿಪ್ಪೆ ಸುಲಿದ ಗೆಣಸಿನಂತೆ ಬಿಳಿಚಿ ಸಣ್ಣಗಾಗಿತ್ತು. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಕೈ ಆಡಿಸಬೇಕು ಎಂದರು ಡಾಕ್ಟರು. ಉಗುರುಬೆಚ್ಚಗಿನ ನೀರಲ್ಲಿ ಇಟ್ಟು ಮುಷ್ಟಿ ಹಿಡಿಯಬೇಕು, ಬಿಡಬೇಕು, ಮಣಿಕಟ್ಟು ಮೇಲೆ ಕೆಳಗೆ ಮಾಡಬೇಕು. ಮಾಡದಿದ್ದರೆ ಹೀಗೆಯೇ ಕಟ್ಟಿಗೆಯಾಗಿ ಉಳಿಯುತ್ತದೆ.

ಭಾಗಮ್ಮನಿಗೆ ಅದಾವುದೂ ಕಿವಿಗೆ ಬೀಳಲಿಲ್ಲ. "ಮೊದ್ಲು ಬಳೆ," ಎಂದರು. ಗೌರಿ ಹಬ್ಬ ಹತ್ತಿರ ಬರುತ್ತಿತ್ತು.

ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಶಾಂತಾದೇವಿಯವರ ಬಳೆ ಅಂಗಡಿ. ಭಾಗಮ್ಮ ಮದುವೆಯಾದಾಗಿನಿಂದ ಅವರ ಮನೆಯವರ ಕೈಯಲ್ಲೇ ಬಳೆ ತೊಡಿಸಿಕೊಂಡವರು. ಅಳತೆ ಎರಡು ನಾಲ್ಕು, ಕೇಳುವುದೇ ಬೇಡ. ಶಾಂತಾದೇವಿ ಹಸಿರು ಬಳೆ ತೆಗೆದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಲು ಹೋದರೆ ಹೆಬ್ಬೆರಳು ಮಡಚಿಕೊಳ್ಳಲೇ ಇಲ್ಲ. ಕೈ ಹಲಗೆಯಂತೆ ನಿಂತಿತು. ಅದಕ್ಕಿಂತ ದೊಡ್ಡದು, ಎರಡು ಆರು, ತೂರಲಿಲ್ಲ. ಇನ್ನೂ ದೊಡ್ಡದಾದ ಎರಡು ಎಂಟೂ ತೂರಲಿಲ್ಲ.

"ಕೈ ಸಣ್ಣಗಾಗೈತೆ, ಬಳೆ ಹೋಗ್ತಿಲ್ಲ. ಇದ್ಯಾವ ಲೆಕ್ಕ?" ಎಂದು ಭಾಗಮ್ಮ ಗಾಬರಿಯಾದರು.

"ಬಿಗಿದುಕೊಂಡೈತೆ ಅತ್ತೆ. ಡಾಕ್ಟ್ರು ಹೇಳಿದ್ದು ಇದನ್ನೇ," ಎಂದಳು ನಂದಿತಾ. ಭಾಗಮ್ಮನ ಕಣ್ಣಲ್ಲಿ ನೀರು ನಿಂತಿತ್ತು. ಬೋಳು ಕೈಯಲ್ಲಿ ಗೌರಿಗೆ ಬಾಗಿನ ಕೊಡುವುದೆಂದರೆ ಆ ಜೀವಕ್ಕೆ ಆಗದ ಮಾತು. ನಂದಿತಾ ಸುತ್ತ ನೋಡಿದಳು. ಅಂಗಡಿಯ ಮೂಲೆಯಲ್ಲಿ ನಾಟಕ ನೃತ್ಯಕ್ಕೆ ಹಾಕುವ, ಒಂದೊಂದು ಅಳತೆಗೆ ಒಂದೊಂದು ಬಣ್ಣದ ಅಗ್ಗದ ಪ್ಲಾಸ್ಟಿಕ್ ಬಳೆ ತೂಗುತ್ತಿದ್ದವು. "ಇದರಲ್ಲಿ ಎಲ್ಲಾ ಅಳತೆದೂ ಒಂದೊಂದು ಕೊಡಿ," ಎಂದಳು.

"ಪ್ಲಾಸ್ಟಿಕ್ಕಾ? ಹುಡುಗಾಟ ಆಡ್ತಿದ್ದೀಯಾ?" ಎಂದರು ಭಾಗಮ್ಮ.

"ಬಿದ್ರೆ ಒಡೆಯಲ್ಲ ಅತ್ತೆ. ದೊಡ್ಡದ್ರಿಂದ ಶುರು ಮಾಡಿ. ಒಂದು ಸಲೀಸಾಗಿ ಹೋದ್ಮೇಲೆ ಅದಕ್ಕಿಂತ ಚಿಕ್ಕದು. ಹಬ್ಬದ ಹೊತ್ತಿಗೆ ನಿಮ್ಮ ಅಳತೆಗೆ ಬತ್ತೀರಿ."

ಎಲ್ಲಕ್ಕಿಂತ ದೊಡ್ಡ ಕೆಂಪು ಬಳೆ ಹೋಯಿತು. ಹೋದದ್ದು ಕೈ ಇಳಿಬಿಟ್ಟ ಕೂಡಲೇ ಜಾರಿ ಬಿದ್ದು ರಸ್ತೆಯಲ್ಲಿ ಉರುಳಿಕೊಂಡು ಹೋಯಿತು. ಖಾಕಿ ಹಾಕಿದ ಕಂಡಕ್ಟರು ಅದರ ಹಿಂದೆ ಓಡುವುದನ್ನು ದೇವಸ್ಥಾನ ನೋಡಲು ಬಂದ ಜನ ನಿಂತು ನೋಡಿದರು.

ಉಳಿದ ಬಳೆಗಳು ಅಡುಗೆ ಮನೆಯ ಮೊಳೆಗೆ ಸಾಲಾಗಿ ನೇತು ಬಿದ್ದವು. ವ್ಯಾಯಾಮ ಮಾಡಿ ಎಂದಿದ್ದರೆ ‘ಆಮೇಲೆ’ ಎನ್ನುತ್ತಿದ್ದ ಭಾಗಮ್ಮ, ಬಳೆಗಾಗಿ ಹೊತ್ತು ಗೊತ್ತಿಲ್ಲದೆ ಕೈ ಹಿಂಡಿಕೊಂಡರು. ಬೆಚ್ಚನೆಯ ನೀರಲ್ಲಿ ಮುಷ್ಟಿ ಹಿಡಿದು ಬಿಟ್ಟರು. ಒದ್ದೆ ಬಟ್ಟೆ ಹಿಂಡಿದರು. ನೋವಿಗೆ ಬೈದರು, ಬೈಗುಳ ಮುಗಿದ ಮೇಲೆ ಮತ್ತೆ ಹಿಂಡಿದರು. ಹುಚ್ಚಣ್ಣ ಸಗಣಿ ಮಂಕರಿ ಇಳಿಸಿ ಬಂದು ಮೊಳೆ ನೋಡುತ್ತಿದ್ದರು. "ಯಾವ ಬಣ್ಣಕ್ಕೆ ಬಂದೆ?"

"ಹಳದಿ ಆಯ್ತು. ನಾಳೆ ನೀಲಿ."

"ಹಳೇಬೀಡು ಪಾಸಾಯ್ತು, ಇನ್ನು ಬೇಲೂರು ಅನ್ನು."

ಹಬ್ಬದ ಹಿಂದಿನ ದಿನ ಶಾಂತಾದೇವಿ ಬಳೆಯ ಮಲಾರ ಹೊತ್ತು ತಾವೇ ಮನೆಗೆ ಬಂದರು. ಎಡಗೈಗೆ ಎರಡು ನಾಲ್ಕು ಸಲೀಸಾಗಿ ಏರಿತು. ಬಲಗೈಗೆ ಅದು ಬೆರಳ ಗಿಣ್ಣಿನ ಹತ್ತಿರವೇ ನಿಂತುಕೊಂಡಿತು. ಭಾಗಮ್ಮ ಸ್ವಲ್ಪ ಹೊತ್ತು ಕೈ ನೋಡಿಕೊಂಡು, "ಎರಡು ಆರು ಹಾಕು. ಗೌರಿ ಏನು ಅಳತೆ ಪಟ್ಟಿ ಹಿಡ್ಕಂಡು ಬತ್ತಾಳಾ?" ಎಂದರು.

ಎರಡು ಆರು ಏರಿತು. ಹಸಿರು ಬಳೆಗಳು ಮಣಿಕಟ್ಟಿನ ಮೇಲೆ ಒಂದರ ಮೇಲೊಂದು ಕೂತು ಗಲಗಲ ಎಂದವು. ಭಾಗಮ್ಮ ಕೈಯನ್ನು ಮೇಲೆತ್ತಿ ಅಲ್ಲಾಡಿಸಿ, ಬಾಗಿಲ ಕಡೆ ತಿರುಗಿ ಕೂಗಿದರು. "ಏನ್ರೀ! ಬಳೆ ಬಂತು. ತಾರಸಿ ಹತ್ತಿ ಕೊಬ್ಬರಿ ಹರವಿ!"

"ಇನ್ನೊಂದು ಅಳತೆ ಬಾಕಿ ಐತಲ್ಲೇ," ಎಂದಿತು ಜಗಲಿಯ ಮೇಲಿನ ದನಿ. "ಅದೂ ಆಗ್ಲಿ."

ಸಂಜೆ ಬಾಗಿನದ ಮೊರಕ್ಕೆ ಅರಿಸಿನ ಹಚ್ಚುತ್ತಾ ಕೂತಾಗ ಭಾಗಮ್ಮ ತಲೆ ಎತ್ತದೆ ಕೇಳಿದರು.

"ಅವತ್ತು ಸೋಪಿನ ನೀರು ಹಚ್ಚಿದ್ದಿದ್ರೆ ಒಡೀದೇ ಬತ್ತಿತ್ತೇನೇ?"

ನಂದಿತಾ ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಎಷ್ಟೋ ಸಲ ತನಗೆ ತಾನೇ ಕೇಳಿಕೊಂಡಿದ್ದಳು. ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು.

"ಗೊತ್ತಿಲ್ಲ ಅತ್ತೆ. ಸೋಪು ನೆನಪಿಗೆ ಬರಲಿಲ್ಲ. ಬೆರಳು ಮಾತ್ರ ಕಾಣಿಸ್ತಿತ್ತು."

"ಹೂಂ," ಎಂದರು ಭಾಗಮ್ಮ. ಮೊರವನ್ನು ತಿರುಗಿಸಿ ಇನ್ನೊಂದು ಬದಿಗೆ ಹಚ್ಚಲು ಶುರು ಮಾಡಿದರು. "ಅರಿಸಿನ ಇನ್ನೊಂಚೂರು ಕಲಸ್ಕಂಡು ಬಾ, ನಂದಿತಾ."

ಆ ‘ಹೂಂ’ ಅಂದರೆ ಕ್ಷಮಿಸಿದೆ ಎಂದೋ, ಬರೀ ಕೇಳಿಸಿತು ಎಂದೋ ಅವಳು ಕೇಳಲಿಲ್ಲ. ಹೆಸರು ಹಿಡಿದು ಕರೆದದ್ದೇ ಸಾಕೆಂದು ಎದ್ದುಹೋದಳು. ಸೋಪು ಹಚ್ಚಿದ್ದರೆ ಬಳೆಗಳು ಉಳಿಯುತ್ತಿದ್ದವೋ ಇಲ್ಲವೋ, ಕೈ ಸರಿಹೋದದ್ದು ಡಾಕ್ಟರ ವ್ಯಾಯಾಮದಿಂದಲೋ ಪ್ಲಾಸ್ಟಿಕ್ ಬಳೆಯಿಂದಲೋ, ಆ ಬಲಗೈ ಮತ್ತೆ ಎಂದಾದರೂ ಎರಡು ನಾಲ್ಕಕ್ಕೆ ಬರುತ್ತದೋ ಇಲ್ಲವೋ, ಇದನ್ನು ಬರೆದವರಿಗೂ ಗೊತ್ತಿಲ್ಲ.